ಓರೆಯಾದ ಕುದುರೆ: ಕೇಪಿನ ಕೋವಿಯ ದುರಸ್ತಿಯ ವಿಚಾರ

ನಳಿಗೆಯ ಬಾಯಿಯಿಂದಲೇ ಮೊದಲು ಕರಿಮದ್ದನ್ನು ಸುರಿದು, ಅದರ ಮೇಲೆ ನಾರಿನ ಇಲ್ಲವೆ ಬಟ್ಟೆಯ ಒತ್ತನ್ನಿಟ್ಟು, ಬಳಿಕ ಗುಂಡನ್ನೋ ಚರೆಯನ್ನೋ ಇಳಿಸಿ, ಉದ್ದನೆಯ ಗಜದಿಂದ ಜಡಿದು ಸಿದ್ಧಪಡಿಸುವ ಕೋವಿಯನ್ನು ಹಳೆಯ ಹೈದರಾಬಾದ್ ಸೀಮೆಯ ಜನ ಭರ್ಮಾರ್ ಎಂದರೆ, ಮಲೆನಾಡಿನವರು ಕೇಪಿನ ಕೋವಿ ಎನ್ನುತ್ತಾರೆ. ಕಮಲನಗರದಿಂದ ಗಡಿ ದಾಟಿ ಉದಗೀರಿನ ಕಡೆಗೆ ಹೋದರೆ ಮರಾಠಿಯಲ್ಲಿ ಅದೇ ಠಾಸಣಿಯ ಬಂದೂಕು. ಹೆಸರು ಯಾವುದಾದರೂ ಆ ಕೋವಿಯ ಕೆಲಸವೆಲ್ಲ ಕೊನೆಗೆ ನಿಲ್ಲುವುದು ಒಂದು ಸಣ್ಣ ಕಬ್ಬಿಣದ ತುಂಡಿನ ಮೇಲೆ. ನಳಿಗೆಯ ಬುಡದಲ್ಲಿ, ಬಲಮಗ್ಗುಲಿಗೆ, ಬಾಗಿದ ಕತ್ತನ್ನೆತ್ತಿ ನಿಂತಿರುವ, ಹೆಬ್ಬೆರಳಿನಿಂದ ಹಿಂದಕ್ಕೆಳೆದು ಟ್ರಿಗರ್ ಒತ್ತಿದರೆ ರಭಸದಿಂದ ಮುಂದಕ್ಕೆ ಬಡಿಯುವ ಆ ತುಂಡಿಗೆ ಕನ್ನಡದಲ್ಲಿ ಕುದುರೆ ಎಂದು ಹೆಸರು, ಬೀದರಿನ ದಖ್ಖನಿಯಲ್ಲಿ ಘೋಡಾ ಎಂದು. ಅದು ಬಡಿಯುವ ಸ್ಥಳದಲ್ಲಿ ನಡುವೆ ಸೂಕ್ಷ್ಮ ರಂಧ್ರವುಳ್ಳ ಒಂದು ಕಿರುನಳಿಕೆ ಇದ್ದು ಅದನ್ನು ನಿಪ್ಪಲ್ ಎನ್ನುತ್ತಾರೆ. ನಿಪ್ಪಲಿನ ನೆತ್ತಿಗೆ ತೊಡಿಸುವ, ಪೆಟ್ಟು ಬಿದ್ದೊಡನೆ ಸಿಡಿದು ಬೆಂಕಿಯುಗುಳುವ ತಾಮ್ರದ ಪುಟ್ಟ ಟೋಪಿಯೇ ಕೇಪು. ಕುದುರೆ ನಿಪ್ಪಲಿನ ನೆತ್ತಿಯ ಮೇಲೆ ನಟ್ಟನಡುವೆ ಬೀಳದೆ ಒಂದು ಮಗ್ಗುಲಿಗೆ ವಾಲಿಬಿದ್ದರೆ ಅದು ನೋಟದ ಊನವಲ್ಲ, ಹಾರಿಸುವವನ ಕಣ್ಣಿಗೂ ಪಕ್ಕದಲ್ಲಿ ನಿಂತವನ ಮುಖಕ್ಕೂ ಸಂಬಂಧಿಸಿದ ಅಪಾಯ. ಆದರೆ ಕುದುರೆ ಓರೆಯಾಗಿ ಕಂಡಾಗಲೆಲ್ಲ ದೋಷ ಕುದುರೆಯಲ್ಲೇ ಇರುತ್ತದೆಂದು ತಿಳಿಯುವುದು ತಪ್ಪು. ಬಹುಪಾಲು ಸಂದರ್ಭಗಳಲ್ಲಿ ಅದು ಬೇರೆಲ್ಲೋ ಆಗಿರುವ ಸಡಿಲಿಕೆಯ, ಸವೆತದ, ಸ್ಥಾನಪಲ್ಲಟದ ಗುರುತು ಮಾತ್ರ. ಆದ್ದರಿಂದ ಬಗ್ಗಿಸುವ ಮುನ್ನ ಹುಡುಕಬೇಕು ಎಂಬುದೇ ಈ ದುರಸ್ತಿಯ ಮೊದಲ ನಿಯಮ.

ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೆರೆಗಳನ್ನು ಕೊರೆದಿದ್ದರೆ ಅಂಥದ್ದು ರೈಫಲ್, ಒಳಮೈ ನುಣುಪಾಗಿದ್ದರೆ ಸಾದಾ ಕೋವಿ. 1853ರ ಮಾದರಿಯ ಎನ್‌ಫೀಲ್ಡ್, ಎಂದರೆ 1857ರ ದಂಗೆಗೆ ನೆಪವಾದ ತೋಟೆಗಳ ಆ ಪ್ರಸಿದ್ಧ ಬಂದೂಕು, ಬಾಯಿಯಿಂದ ತುಂಬುವ ರೈಫಲ್ಲೇ ಆಗಿತ್ತು. ಅದರ ನಳಿಗೆಯ ಒಳವ್ಯಾಸ 0.577 ಅಂಗುಲ, ಗೆರೆಗಳು ಮೂರು. ಕರ್ನಾಟಕದ ರೈತರ ಕೈಯಲ್ಲಿ ಬೆಳೆ ಕಾಯಲು ಉಳಿದಿರುವ ಕೇಪಿನ ಕೋವಿಗಳ ನಳಿಗೆ ಸಾಮಾನ್ಯವಾಗಿ ನುಣುಪಿನದು. ಗುಂಡಿನ ಓಟದಲ್ಲಿ ಎರಡಕ್ಕೂ ಅಜಗಜಾಂತರವಿದ್ದರೂ ಕುದುರೆಯನ್ನು ನಡೆಸುವ ಯಂತ್ರ ಎರಡರಲ್ಲೂ ಒಂದೇ ಆದ್ದರಿಂದ ಇಲ್ಲಿ ಹೇಳುವುದು ಎರಡಕ್ಕೂ ಸಲ್ಲುತ್ತದೆ.

ಆ ಯಂತ್ರದ ಪರಿಚಯವಿಲ್ಲದೆ ದೋಷವನ್ನು ಹುಡುಕಲಾಗದು. ಕೋವಿಯ ಬಲಮಗ್ಗುಲಲ್ಲಿ ಮರದ ಹಿಡಿಯೊಳಗೆ ಹುದುಗಿಸಿ, ಆಚೆ ಮಗ್ಗುಲಿನಿಂದ ತಿರುಪು ಹಾಕಿ ಬಿಗಿದಿರುವ ಚಪ್ಪಟೆ ಉಕ್ಕಿನ ತಗಡಿಗೆ ಲಾಕ್ ತಟ್ಟೆ ಎಂದು ಹೆಸರು. ಅದರ ಒಳಮೈಯಲ್ಲಿ ತಿರುಗುವ ಒಂದು ದಪ್ಪ ಬಿಲ್ಲೆ ಇದ್ದು ಅದನ್ನು ಟಂಬ್ಲರ್ ಎನ್ನುತ್ತಾರೆ. ಟಂಬ್ಲರಿನ ಅಚ್ಚು ತಟ್ಟೆಯ ರಂಧ್ರವನ್ನು ಹಾಯ್ದು ಹೊರಬಂದು ತುದಿಯಲ್ಲಿ ಚೌಕವಾಗುತ್ತದೆ, ಆ ಚೌಕದ ಮೇಲೆ ಕುದುರೆಯ ಬುಡದಲ್ಲಿರುವ ಚೌಕ ರಂಧ್ರ ಕೂರುತ್ತದೆ, ಎರಡನ್ನೂ ಒಂದು ತಿರುಪು ಬಿಗಿಹಿಡಿಯುತ್ತದೆ. ಮಡಿಸಿದ ಉಕ್ಕಿನ ಪಟ್ಟಿಯಾದ ಕಮಾನು ಟಂಬ್ಲರನ್ನು ಯಾವಾಗಲೂ ಬಡಿಯುವ ದಿಕ್ಕಿಗೇ ತಳ್ಳುತ್ತಿರುತ್ತದೆ, ಸಿಯರ್ ಎಂಬ ನಾಲಗೆ ಟಂಬ್ಲರಿನ ಅಂಚಿನ ಕಚ್ಚಿನಲ್ಲಿ ಸಿಕ್ಕಿಕೊಂಡು ಅದನ್ನು ತಡೆಯುತ್ತದೆ. ಕಚ್ಚುಗಳು ಎರಡು: ಅರ್ಧ ಎಳೆದಾಗ ಸಿಗುವ ಆಳವಾದ ಕಚ್ಚು ಸುರಕ್ಷತೆಗೆ, ಪೂರ್ತಿ ಎಳೆದಾಗ ಸಿಗುವ ಕಿರಿದಾದ ಕಚ್ಚು ಹಾರಿಸುವುದಕ್ಕೆ. ಹೀಗೆ ಹೊರಗೆ ಕಾಣುವ ಕುದುರೆ ಒಳಗಿನ ನಾಲ್ಕೈದು ಭಾಗಗಳ ಕೊನೆಯ ಕೊಂಡಿಯಾಗಿದ್ದು, ಅವುಗಳಲ್ಲಿ ಯಾವುದೊಂದು ಕದಲಿದರೂ ಆ ಕದಲಿಕೆ ಕುದುರೆಯ ಮೂತಿಯಲ್ಲಿ ಹಿಗ್ಗಿ ಕಾಣಿಸುತ್ತದೆ. ಅಚ್ಚಿನ ಬಳಿ ಕೂದಲೆಳೆಯಷ್ಟಿರುವ ಸಡಿಲು ಮೂತಿಯ ಬಳಿ ಕಣ್ಣಿಗೆ ಹೊಡೆಯುವಷ್ಟು ಓರೆಯಾಗುವುದು ಹೀಗೆಯೇ.

ಕುದುರೆಯ ಮೂತಿ ಚಪ್ಪಟೆಯಾಗಿರುವುದಿಲ್ಲ. ಅದರಲ್ಲಿ ಒಂದು ಗುಂಡನೆಯ ತಗ್ಗನ್ನು ಕೊರೆದಿರುತ್ತಾರೆ. ಕುದುರೆ ಬಿದ್ದಾಗ ಆ ತಗ್ಗಿನ ತಳ ಕೇಪನ್ನು ಬಡಿಯುತ್ತದೆ, ತಗ್ಗಿನ ಸುತ್ತಲಿನ ಅಂಚು ಕೇಪನ್ನೂ ನಿಪ್ಪಲಿನ ತುದಿಯನ್ನೂ ಮುಚ್ಚಿಕೊಂಡು, ಹರಿದ ತಾಮ್ರದ ಚೂರುಗಳು ಹೊರಕ್ಕೆ ಹಾರದಂತೆ ಹಿಡಿದಿಡುತ್ತದೆ. ಓರೆಯಾಗಿ ಬಿದ್ದ ಕುದುರೆಯಲ್ಲಿ ಈ ಎರಡೂ ಕೆಲಸಗಳು ಕೆಡುತ್ತವೆ. ತಗ್ಗಿನ ಅಂಚು ನಿಪ್ಪಲಿನ ಒಂದು ಮಗ್ಗುಲಿಗೆ ತಗಲಿ ಪೆಟ್ಟಿನ ಬಲ ಅಲ್ಲೇ ಕಳೆದುಹೋಗುವುದರಿಂದ ಕೇಪು ಒಂದು ಕಡೆ ಮಾತ್ರ ಜಜ್ಜಿಹೋಗಿ ಹೊತ್ತದೆ ಉಳಿಯುತ್ತದೆ, ಹೊತ್ತಿದರೂ ಎದುರು ಮಗ್ಗುಲಲ್ಲಿ ಉಳಿದ ಸಂದಿನಿಂದ ಬಿಸಿ ಅನಿಲವೂ ತಾಮ್ರದ ಚೂರುಗಳೂ ಸಿಡಿದು ಬರುತ್ತವೆ. ಕೋವಿಯನ್ನು ಭುಜಕ್ಕೆ ಆನಿಸಿ ಗುರಿ ಹಿಡಿದವನ ಬಲಗಣ್ಣು ನಿಪ್ಪಲಿನಿಂದ ಗೇಣುದ್ದ ದೂರದಲ್ಲಿರುತ್ತದೆ ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಬೆಂಕಿಯ ಎಳೆ ರಂಧ್ರದೊಳಕ್ಕೆ ಪೂರ್ತಿ ಇಳಿಯದಿದ್ದಾಗ ಒಳಗಿನ ಮದ್ದು ಒಡನೆ ಹೊತ್ತದೆ, ಕೋವಿಯನ್ನು ಕೆಳಗಿಳಿಸಿದ ಮೇಲೆ ಹಾರುವ ಸಂಭವವೂ ಉಂಟು. ಆದಕಾರಣ ಕೇಪು ಹುಸಿಯಾದ ಕೋವಿಯನ್ನು ಒಂದು ನಿಮಿಷಕ್ಕಾದರೂ ಕಡಿಮೆಯಿಲ್ಲದಂತೆ ನಿರ್ಜನ ದಿಕ್ಕಿಗೆ ಹಿಡಿದುಕೊಂಡೇ ಇರಬೇಕೆಂಬ ನಿಯಮ ಬಂದಿದೆ.

ಕರಿಮದ್ದು ಎಂಬುದು ಪೆಟ್ಲುಪ್ಪು 75 ಪಾಲು, ಇದ್ದಿಲು 15 ಪಾಲು, ಗಂಧಕ 10 ಪಾಲು ಎಂಬ ಲೆಕ್ಕದಲ್ಲಿ ಬಹುಕಾಲದಿಂದ ನಿಂತುಬಂದ ಮಿಶ್ರಣ. ತಪ್ಪಿದ ಒಂದು ಕಿಡಿ ಏನು ಮಾಡಬಲ್ಲದು ಎಂಬುದಕ್ಕೆ ಬೀದರಿನವರು ಪುಸ್ತಕ ತೆರೆಯಬೇಕಾಗಿಲ್ಲ. 1657ರಲ್ಲಿ ಔರಂಗಜೇಬನು ಕೋಟೆಗೆ ಮುತ್ತಿಗೆ ಹಾಕಿದಾಗ ಕಿಲ್ಲೇದಾರ ಸಿದ್ದಿ ಮರ್ಜಾನನು ಸೋತದ್ದು ಕತ್ತಿಯ ಕಾಳಗದಲ್ಲಲ್ಲ. ಕೊತ್ತಳದ ಬಳಿ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗಲಿ, ಆ ಸ್ಫೋಟದಲ್ಲಿ ಅವನು ಮಾರಕವಾಗಿ ಸುಟ್ಟು ಗಾಯಗೊಂಡ ಮೇಲೆ ಕೋಟೆ ಮೊಗಲರ ವಶವಾಯಿತು. ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸಾ ಇಂದು ಒಂದೇ ಮಿನಾರು ಹೊತ್ತು, ಮುಂಭಾಗದ ಬಹುಪಾಲನ್ನು ಕಳೆದುಕೊಂಡು ನಿಂತಿರುವುದಕ್ಕೂ ಹದಿನೇಳನೆಯ ಶತಮಾನದ ಕೊನೆಯಲ್ಲಿ ಅಲ್ಲಿ ದಾಸ್ತಾನು ಮಾಡಿದ್ದ ಮದ್ದು ಸಿಡಿದದ್ದೇ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಕೋಟೆಯ ಮದ್ದಿನ ಮನೆಗೂ ರೈತನ ಮದ್ದಿನ ಡಬ್ಬಿಗೂ ಇರುವ ಭೇದ ಪ್ರಮಾಣದ್ದೇ ಹೊರತು ಗುಣದ್ದಲ್ಲ.

ಕುದುರೆಯ ಓರೆ ಎಂಬ ರೋಗ ಕೇಪಿನ ಕಾಲದ್ದೇ ಹೆಚ್ಚು, ಇದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಮೊಗಲರ ಮತ್ತು ಬಹಮನಿಗಳ ಅನಂತರದ ಸುಲ್ತಾನರ ಕಾಲದ ತೋಡೇದಾರ್ ಬಂದೂಕಿನಲ್ಲಿ ಉರಿಯುವ ಬತ್ತಿಯನ್ನು ಕಚ್ಚಿಕೊಂಡ ಒಂದು ಕೊಕ್ಕೆ ಮದ್ದಿನ ಬಟ್ಟಲಿಗೆ ಬಾಗುತ್ತಿತ್ತು. ಬತ್ತಿ ಕೊಂಚ ಅತ್ತಿತ್ತ ಬಿದ್ದರೂ ಮದ್ದು ಹೊತ್ತುತ್ತಿತ್ತು. ಅನಂತರ ಬಂದ ಚಕಮಕಿ ಬಂದೂಕಿನಲ್ಲಿ ಕುದುರೆಯ ದವಡೆಗೆ ಸಿಕ್ಕಿಸಿದ ಬೆಣಚುಕಲ್ಲು ಎದುರಿನ ಉಕ್ಕಿನ ಹಲಗೆಗೆ ಉಜ್ಜಿ ಕಿಡಿ ಸುರಿಸುತ್ತಿತ್ತು. ಫ್ರೆಂಚರ ಪದ್ಧತಿಯಲ್ಲಿ ತರಬೇತಾದ ಇಬ್ರಾಹಿಂ ಖಾನ್ ಗಾರ್ದಿಯ ಪಾಯದಳ 1760ರ ಉದಗೀರಿನ ಯುದ್ಧದಲ್ಲಿ ಮರಾಠರ ಪರವಾಗಿ ನಿಜಾಮನ ಸೈನ್ಯವನ್ನೆದುರಿಸಿದ್ದು ಇಂಥ ಬಂದೂಕುಗಳೊಂದಿಗೆ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪುವಿಗಾಗಿ ತಯಾರಾದ ಚಕಮಕಿ ಬಂದೂಕುಗಳಲ್ಲಿ ಕೆಲವಕ್ಕೆ ಕುದುರೆಯನ್ನೇ ಹುಲಿಯ ರೂಪದಲ್ಲಿ ಕಡೆದಿರುವುದನ್ನು ಲಂಡನ್ನಿನ ಸಂಗ್ರಹಗಳಲ್ಲಿ ಇಂದಿಗೂ ನೋಡಬಹುದು. ಅವುಗಳಲ್ಲಿಯೂ ಕಲ್ಲು ಹಲಗೆಯ ಅಗಲದ ಮೇಲೆ ಎಲ್ಲಿ ಉಜ್ಜಿದರೂ ಕಿಡಿ ಬರುತ್ತಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೆಟ್ಟಿನಿಂದ ಹೊತ್ತುವ ರಾಸಾಯನಿಕದ ಪದ್ಧತಿಗೆ ಹಕ್ಕುಪತ್ರ ಪಡೆದು, 1820ರ ದಶಕದಲ್ಲಿ ತಾಮ್ರದ ಕೇಪು ರೂಢಿಗೆ ಬಂದ ಮೇಲೆ ಈ ಉದಾರತೆ ಮುಗಿಯಿತು. ಕುದುರೆ ಇನ್ನು ಮೇಲೆ ಜೋಳದ ಕಾಳಿನಷ್ಟು ಅಗಲದ ಒಂದು ನೆತ್ತಿಯ ಮೇಲೆ ತಪ್ಪದೆ ಬೀಳಬೇಕಾಯಿತು.

ಇದರ ಜೊತೆಗೆ ಇನ್ನೊಂದು ಸಂಗತಿಯೂ ಸೇರಿತು. ಹಳೆಯ ಚಕಮಕಿ ಬಂದೂಕುಗಳನ್ನು ಎಸೆಯದೆ ಕೇಪಿಗೆ ಹೊಂದಿಸುವ ಕೆಲಸ ಲೋಕದೆಲ್ಲೆಡೆ ನಡೆಯಿತು. ಅದಕ್ಕೆ ಅತ್ಯಂತ ಅಗ್ಗದ ಉಪಾಯವೆಂದರೆ ನಳಿಗೆಯ ಮಗ್ಗುಲಿನ ಹಳೆಯ ಕಿಡಿಗಂಡಿಯನ್ನು ಅಗಲಿಸಿ, ಅದರೊಳಕ್ಕೆ ಒಂದು ಮೋಟು ಉರುಳೆಯನ್ನು ತಿರುಪಿನಂತೆ ಕೂರಿಸಿ, ಆ ಉರುಳೆಯ ಮೇಲೆ ನಿಪ್ಪಲನ್ನು ನಿಲ್ಲಿಸುವುದು. ಈ ಉರುಳೆಗೆ ಡ್ರಮ್ ಎಂದು ಹೆಸರು. ಹಳ್ಳಿಗಾಡಿನ ಕೇಪಿನ ಕೋವಿಗಳಲ್ಲೂ ಇದೇ ಜೋಡಣೆ ಹೆಚ್ಚು. ಎನ್‌ಫೀಲ್ಡಿನಂಥ ಬಂದೂಕುಗಳಲ್ಲಿ ನಿಪ್ಪಲ್ ಕೂರುವ ಗಡ್ಡೆ ನಳಿಗೆಯೊಂದಿಗೆ ಏಕವಾಗಿರುವುದರಿಂದ ಕದಲದು, ಡ್ರಮ್ಮಾದರೋ ಪ್ರತಿ ಪೆಟ್ಟಿಗೂ ಕೆಳಮುಖವಾದ ಒತ್ತಡವನ್ನು ತಾಳುತ್ತ, ಕಾಲಕ್ರಮದಲ್ಲಿ ಕೊಂಚ ತಿರುಗುತ್ತದೆ ಇಲ್ಲವೆ ಬಾಗುತ್ತದೆ. ಆಗ ಕುದುರೆ ಇದ್ದಲ್ಲೇ ಇದ್ದು ನಿಪ್ಪಲೇ ಅದರ ದಾರಿಯಿಂದ ಸರಿದುಹೋಗಿರುತ್ತದೆ. ಇದನ್ನು ತಿಳಿಯದೆ ಕುದುರೆಯನ್ನು ಬಗ್ಗಿಸಿ ಸರಿದ ನಿಪ್ಪಲಿಗೆ ಹೊಂದಿಸುವವರು ರೋಗವನ್ನು ಮುಚ್ಚಿಹಾಕಿ ಅದಕ್ಕಿಂತ ದೊಡ್ಡ ಅಪಾಯಕ್ಕೆ ಎಡೆಮಾಡುತ್ತಾರೆ, ಏಕೆಂದರೆ ತಿರುಗಿದ ಡ್ರಮ್ಮಿನ ಮರೆ, ಎಂದರೆ ತಿರುಪಿನ ಸುತ್ತುಗೆರೆ, ಸಡಿಲವಾಗಿದೆ ಎಂದೇ ಅರ್ಥ, ಮತ್ತು ಮರೆ ಸಡಿಲವಾದ ಡ್ರಮ್ ಒಂದು ದಿನ ನಳಿಗೆಯಿಂದ ಕಿತ್ತು ಹಾರಬಹುದು.

ಪರೀಕ್ಷೆಗೆ ತೊಡಗುವ ಮುನ್ನ ಕೋವಿ ಖಾಲಿಯಾಗಿದೆ ಎಂಬುದು ಮಾತಿನಿಂದಲ್ಲ, ಅಳತೆಯಿಂದ ಸಿದ್ಧವಾಗಬೇಕು. ಬಾಯಿಯಿಂದ ತುಂಬುವ ಕೋವಿಯನ್ನು ಮಡಿಸಿ ಒಳಗೆ ನೋಡುವಂತಿಲ್ಲ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಕೋವಿಯಲ್ಲಿ ಅಜ್ಜನ ಕಾಲದ ಮದ್ದು ಹಾಗೆಯೇ ಉಳಿದಿರುವುದು ಅಪರೂಪವಲ್ಲ, ಅಂಥ ಮದ್ದು ಕಿಡಿ ತಗಲಿದರೆ ಇಂದಿಗೂ ಹೊತ್ತಬಲ್ಲದು. ಮೊದಲು ನಿಪ್ಪಲಿನ ಮೇಲೆ ಕೇಪಿಲ್ಲವೆಂದು ನೋಡಿ, ಗಜವನ್ನು ನಳಿಗೆಯೊಳಕ್ಕೆ ತಳ ಮುಟ್ಟುವವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಸುಣ್ಣದ ಗುರುತು ಹಾಕಿ, ಹೊರತೆಗೆದು ಗಜವನ್ನು ನಳಿಗೆಯ ಹೊರಮೈಗೆ ಒತ್ತಾಗಿ ಹಿಡಿಯಬೇಕು. ಗುರುತು ನಳಿಗೆಯ ಬಾಯಿಗಿರುವಾಗ ಗಜದ ತುದಿ ನಿಪ್ಪಲಿನ ನೇರಕ್ಕೆ ಬಂದರೆ ಕೋವಿ ಖಾಲಿ. ಎರಡು ಮೂರು ಬೆರಳು ಮುಂಚೆಯೇ ನಿಂತರೆ ಒಳಗೆ ಏನೋ ಇದೆ ಎಂದೇ ತಿಳಿದು, ಕೋವಿಯನ್ನು ಅಲ್ಲಿಗೇ ಕೆಳಗಿಟ್ಟು ಬಲ್ಲವರನ್ನು ಕರೆಯಬೇಕು. ಈ ಅಳತೆಯನ್ನು ಬಿಟ್ಟು ಕುಲುಮೆಯ ಹತ್ತಿರ ಕೋವಿಯನ್ನು ಒಯ್ಯುವುದಕ್ಕಿಂತ ದೊಡ್ಡ ಅವಿವೇಕವಿಲ್ಲ.

ಓರೆ ಎಷ್ಟು, ಯಾವ ಕಡೆಗೆ ಎಂಬುದನ್ನು ಕಣ್ಣಂದಾಜಿನಿಂದ ಹೇಳುವುದು ಸಾಲದು. ಅದಕ್ಕೆ ಬಲ್ಲವರು ಅನುಸರಿಸುವ ಸುಲಭ ದಾರಿಯೆಂದರೆ ಎಣ್ಣೆದೀಪದ ಮಸಿಯನ್ನು ನಿಪ್ಪಲಿನ ನೆತ್ತಿಗೆ ತೆಳ್ಳಗೆ ಹಚ್ಚಿ, ಕುದುರೆಯನ್ನು ಹೆಬ್ಬೆರಳಿನಲ್ಲಿ ಹಿಡಿದುಕೊಂಡೇ ಮೆಲ್ಲಗೆ ಕೆಳಗಿಳಿಸಿ, ಮತ್ತೆ ಎತ್ತಿ ಅದರ ಮೂತಿಯ ತಗ್ಗಿನೊಳಗೆ ಬಿದ್ದ ಗುರುತನ್ನು ನೋಡುವುದು. ತಗ್ಗಿನ ನಟ್ಟನಡುವೆ ಪೂರ್ಣ ಉಂಗುರದ ಗುರುತು ಬಿದ್ದರೆ ಕುದುರೆ ನೇರವಾಗಿದೆ. ಉಂಗುರ ಪೂರ್ಣವಾಗಿದ್ದು ನಡುವಿನಿಂದ ಎಡಕ್ಕೋ ಬಲಕ್ಕೋ ಸರಿದಿದ್ದರೆ ದೋಷ ಅಡ್ಡಡ್ಡವಾದದ್ದು. ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ಕುದುರೆಯ ಕತ್ತಿನ ಉದ್ದಕ್ಕೂ ನಿಪ್ಪಲಿನ ಎತ್ತರಕ್ಕೂ ಹೊಂದಿಕೆ ತಪ್ಪಿದೆ. ಉಂಗುರದ ಬದಲು ಅರ್ಧಚಂದ್ರ ಮಾತ್ರ ಮೂಡಿದರೆ ಸ್ಥಾನ ಸರಿಯಿದ್ದೂ ಮೂತಿ ವಾಲಿದೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಬರಿದಾದ ನಿಪ್ಪಲಿನ ಮೇಲೆ ಕುದುರೆಯನ್ನು ಬಾರಿಬಾರಿಗೂ ಬಡಿಯಬಿಟ್ಟು ನೋಡುವ ಅಭ್ಯಾಸ ಕೆಲವರಲ್ಲಿದೆ, ಅದು ಕೂಡದು. ಅದರಿಂದ ನಿಪ್ಪಲಿನ ತುದಿ ಅಣಬೆಯಂತೆ ಅರಳಿ, ಕೇಪು ತಳದವರೆಗೆ ಕೂರದಂತಾಗುತ್ತದೆ.

ಕಾರಣ ಹುಡುಕುವ ಕ್ರಮದಲ್ಲಿ ಮೊದಲು ನೋಡಬೇಕಾದದ್ದು ಅತ್ಯಂತ ಸರಳವಾದದ್ದನ್ನು. ಕುದುರೆಯನ್ನು ಎರಡು ಬೆರಳಿನಲ್ಲಿ ಹಿಡಿದು ಅಡ್ಡಡ್ಡ ಅಲುಗಿಸಿದಾಗ ಅದು ಅಲುಗಿದರೆ ಅದನ್ನು ಚೌಕಕ್ಕೆ ಬಿಗಿಯುವ ತಿರುಪು ಸಡಿಲವಾಗಿರಬಹುದು, ಬಿಗಿದರೆ ಸಾಕು. ಬಿಗಿದ ಮೇಲೂ ಅಲುಗಿದರೆ, ಲಾಕ್ ತಟ್ಟೆಯೇ ಮರದಿಂದ ಮೇಲೆದ್ದಿದೆಯೇ ಎಂದು ನೋಡಬೇಕು. ಬೀದರ್, ಭಾಲ್ಕಿ, ಔರಾದ್ ಸೀಮೆಯ ಹವೆಯಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ಅಂಶ: ಬೇಸಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿ ಹಿಡಿಯ ಮರ ಒಣಗಿ ಕುಗ್ಗುತ್ತದೆ, ಮೃಗಶಿರದ ಮಳೆ ಹಿಡಿದ ಮೇಲೆ ಅದೇ ಮರ ತೇವ ಹೀರಿ ಉಬ್ಬುತ್ತದೆ, ಈ ಕುಗ್ಗು ಉಬ್ಬುಗಳ ನಡುವೆ ತಟ್ಟೆಯನ್ನು ಹಿಡಿದ ತಿರುಪುಗಳು ಸಡಿಲಾಗುತ್ತವೆ, ತಟ್ಟೆ ಒಂದು ತುದಿಯಲ್ಲಿ ಎದ್ದುನಿಂತು ಕುದುರೆಯನ್ನೂ ತನ್ನೊಂದಿಗೆ ಹೊರಕ್ಕೆ ವಾಲಿಸುತ್ತದೆ. ಹಿಡಿಯ ಕೊರೆಯೊಳಗೆ ಹೆಪ್ಪುಗಟ್ಟಿದ ಹಳೆಯ ಎಣ್ಣೆ ಮತ್ತು ಮದ್ದಿನ ಕಿಟ್ಟ ತಟ್ಟೆಯನ್ನು ಪೂರ್ತಿ ಕೂರಲು ಬಿಡದಿರುವುದೂ ಉಂಟು. ಬಿಚ್ಚಿ ಶುಚಿಮಾಡಿ ಮತ್ತೆ ಬಿಗಿದಾಗ ವರ್ಷಗಳ ಓರೆ ಮಾಯವಾಗಬಹುದು. ಮರವೇ ಸವೆದು ತಗ್ಗಾಗಿದ್ದರೆ ಅಲ್ಲಿ ಮರದ ತೆಳು ಚಕ್ಕೆಯನ್ನು ಅಂಟಿಸಿ ಎತ್ತರಿಸುತ್ತಾರೆ.

ಆಮೇಲೆ ನಿಪ್ಪಲಿನ ಸರದಿ. ಹಳೆಯದು ಹಾಳಾದಾಗ ಅಂಗಡಿಯಲ್ಲಿ ಸಿಕ್ಕ ಬೇರೆ ಅಳತೆಯ ನಿಪ್ಪಲನ್ನು ತಂದು ಕೂರಿಸಿದ್ದರೆ ಅದರ ಎತ್ತರ ಹೆಚ್ಚುಕಡಿಮೆಯಾಗಿ ಕುದುರೆ ಮುಂದೆಯೋ ಹಿಂದೆಯೋ ಬೀಳುತ್ತದೆ; ಮರೆ ಹೊಂದದಿದ್ದರೂ ಬಲವಂತವಾಗಿ ತಿರುಚಿದ್ದರೆ ಅದು ವಾಲಿನಿಂತಿರುತ್ತದೆ. ಸರಿಯಾದ ಅಳತೆಯ ನಿಪ್ಪಲನ್ನು ಹಾಕುವುದೇ ಇದಕ್ಕೆ ಉತ್ತರ, ಕುದುರೆಯ ಮೇಲೆ ಕೈಮಾಡಬೇಕಾಗಿಲ್ಲ. ಡ್ರಮ್ ತಿರುಗಿರುವುದು ಗೊತ್ತಾದರೆ ಅದು ಕುದುರೆಯ ಪ್ರಶ್ನೆಯಾಗಿ ಉಳಿಯದೆ ನಳಿಗೆಯ ಪ್ರಶ್ನೆಯಾಗುತ್ತದೆ. ಡ್ರಮ್ಮನ್ನು ತೆಗೆದು, ಮರೆಯನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಕೊಂಚ ದೊಡ್ಡ ಅಳತೆಯ ಹೊಸ ಡ್ರಮ್ಮನ್ನು ಕೂರಿಸಬೇಕಾದ ಆ ಕೆಲಸ ನಳಿಗೆಯ ಬಲವನ್ನು ಬಲ್ಲ ಪರವಾನಗಿದಾರ ದುರಸ್ತಿಗಾರನಿಗೇ ಮೀಸಲು.

ಇವೆಲ್ಲ ಸರಿಯಿದ್ದೂ ಕುದುರೆ ಅಲುಗುತ್ತಿದ್ದರೆ ಚೌಕ ಸವೆದಿದೆ ಎಂದು ತಿಳಿಯಬೇಕು. ನೂರಾರು ಪೆಟ್ಟುಗಳ ಆಘಾತವನ್ನು ತಾಳಿದ ಕುದುರೆಯ ಚೌಕ ರಂಧ್ರ ಮೂಲೆಗಳಲ್ಲಿ ದುಂಡಗಾಗಿ, ಟಂಬ್ಲರಿನ ಚೌಕದ ಮೇಲೆ ಆಡತೊಡಗುತ್ತದೆ. ನಡುವೆ ತೆಳು ತಗಡಿನ ಚೂರನ್ನು ತುರುಕುವುದು ತಾತ್ಕಾಲಿಕ ಉಪಾಯ, ಅದು ಹೆಚ್ಚು ಪೆಟ್ಟುಗಳನ್ನು ತಾಳದು. ಕುದುರೆಯನ್ನು ಕಳಚಿ, ಅಡಿಗಲ್ಲಿನ ಮೇಲಿಟ್ಟು, ರಂಧ್ರದ ಅಂಚಿನ ಲೋಹವನ್ನು ಸಣ್ಣ ಸುತ್ತಿಗೆಯ ಮೆಲುಪೆಟ್ಟುಗಳಿಂದ ಒಳಮುಖವಾಗಿ ಸರಿಸಿ, ಕಿರಿದಾದ ರಂಧ್ರವನ್ನು ನಯವಾದ ಅರದಿಂದ ಉಜ್ಜಿ ಟಂಬ್ಲರಿನ ಚೌಕಕ್ಕೆ ಸರಿಹೊಂದಿಸುವುದು ಹಳೆಯ ಕಂಬಾರರ ಕ್ರಮ. ಸವೆತ ಹೆಚ್ಚಾಗಿದ್ದರೆ ವೆಲ್ಡಿಂಗಿನಿಂದ ರಂಧ್ರವನ್ನು ತುಂಬಿ ಹೊಸದಾಗಿ ಚೌಕ ಕೊರೆಯುವುದು ಈಗಿನ ಕ್ರಮ. ಎರಡರಲ್ಲೂ ಅರ ಹಿಡಿದ ಕೈಯ ತಾಳ್ಮೆಯೇ ಮುಖ್ಯ. ಚೌಕದ ಒಂದು ಮಗ್ಗುಲು ಕೊಂಚ ತಿರುಗಿ ಕೊರೆದರೂ ಕುದುರೆ ಕೆಳಗಿಳಿದು ನಿಲ್ಲುವ ಜಾಗವೇ ಬದಲಾಗುತ್ತದೆ.

ಎಲ್ಲ ಜೋಡಣೆಗಳೂ ಗಟ್ಟಿಯಾಗಿದ್ದು, ನಿಪ್ಪಲೂ ಡ್ರಮ್ಮೂ ತಮ್ಮ ಸ್ಥಾನದಲ್ಲಿದ್ದು, ಮಸಿಯ ಗುರುತು ಮಾತ್ರ ಮಗ್ಗುಲಿಗೇ ಬೀಳುತ್ತಿದ್ದಾಗ, ಎಂದರೆ ಬೇರೊಂದು ಕೋವಿಯ ಕುದುರೆಯನ್ನು ತಂದು ಹಾಕಿದಾಗ ಅಥವಾ ಕೋವಿ ಕೆಳಗೆ ಬಿದ್ದು ಕುದುರೆಯ ಕತ್ತು ನಿಜವಾಗಿಯೇ ಬಾಗಿದಾಗ, ಬಗ್ಗಿಸುವ ಪ್ರಶ್ನೆ ಏಳುತ್ತದೆ. ಇಲ್ಲಿ ಮೊದಲು ತಿಳಿಯಬೇಕಾದದ್ದು ಕುದುರೆಯ ಲೋಹ ಯಾವುದೆಂದು. ಬಡಿದು ಮಾಡಿದ ಮೆದುಕಬ್ಬಿಣದ ಅಥವಾ ಮೃದು ಉಕ್ಕಿನ ಕುದುರೆ ಕೆಂಪಗೆ ಕಾಯಿಸಿದಾಗ ಮಾತು ಕೇಳುತ್ತದೆ. ಎರಕದ ಬೀಡುಕಬ್ಬಿಣದ ಕುದುರೆ ಬಾಗುವುದಿಲ್ಲ, ಮುರಿಯುತ್ತದೆ, ಅಂಥದ್ದನ್ನು ಬದಲಿಸುವುದೇ ದಾರಿ. ಕುದುರೆ ಕೋವಿಯ ಮೇಲಿರುವಾಗಲೇ ಅದಕ್ಕೆ ಕೊಳವೆ ಸಿಕ್ಕಿಸಿ ಎಳೆಯುವುದಾಗಲಿ ಸುತ್ತಿಗೆಯಿಂದ ಬಡಿಯುವುದಾಗಲಿ ಸರ್ವಥಾ ಸಲ್ಲದು, ಆ ಬಲವೆಲ್ಲ ಟಂಬ್ಲರಿನ ತೆಳುವಾದ ಅಚ್ಚಿನ ಮೇಲೂ ತಟ್ಟೆಯ ರಂಧ್ರದ ಮೇಲೂ ಬಿದ್ದು ಸರಿಯಿದ್ದ ಭಾಗಗಳೂ ಕೆಡುತ್ತವೆ. ಕಮಾನಿನ ಒತ್ತಡವನ್ನು ಇಳಿಸಿ, ತಿರುಪು ಬಿಚ್ಚಿ, ಕುದುರೆಯನ್ನು ಚೌಕದಿಂದ ಮೆಲ್ಲಗೆ ತಟ್ಟಿ ಬಿಡಿಸಿ ತೆಗೆದ ಮೇಲೆಯೇ ಮುಂದಿನ ಕೆಲಸ.

ಕುದುರೆಯ ಬುಡವನ್ನು ವೈಸಿನಲ್ಲಿ ಹಿಡಿಯುವಾಗ ದವಡೆಗಳಿಗೆ ತಾಮ್ರದ ತಗಡನ್ನು ಹೊದಿಸುತ್ತಾರೆ, ಇಲ್ಲದಿದ್ದರೆ ಹಲ್ಲಿನ ಗುರುತು ಬೀಳುತ್ತದೆ. ದಪ್ಪನಾದ ಆ ದವಡೆಗಳೇ ಶಾಖವನ್ನು ಹೀರಿಕೊಂಡು ಚೌಕ ರಂಧ್ರದ ಭಾಗ ಕಾಯದಂತೆಯೂ ನೋಡಿಕೊಳ್ಳುತ್ತವೆ. ಬುಡಕ್ಕೂ ಮೂತಿಗೂ ನಡುವಿನ ಕತ್ತಿನ ಸಣ್ಣ ಭಾಗವನ್ನು ಮಾತ್ರ ಕಿರಿದಾದ ಜ್ವಾಲೆಯಿಂದ, ನೆರಳಿನಲ್ಲಿ ನೋಡಿದರೆ ಹಣ್ಣು ಮೆಣಸಿನಕಾಯಿಯ ಬಣ್ಣ ಬರುವವರೆಗೆ ಕಾಯಿಸಿ, ಮೂತಿಯನ್ನು ಇಕ್ಕಳದಿಂದ ಹಿಡಿದು ಬೇಕಾದ ದಿಕ್ಕಿಗೆ ಅತಿ ಸ್ವಲ್ಪ ಒತ್ತಬೇಕು. ಬಣ್ಣ ಕಳೆದು ಕಪ್ಪಾಗುತ್ತಿರುವ ಲೋಹವನ್ನು ಒತ್ತಿದರೆ ಒಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಅಂಥ ಬಿರುಕು ಕುದುರೆ ಬಡಿಯುವ ಹೊತ್ತಿಗೆ ಬಾಯಿಬಿಟ್ಟು ತುಂಡಾದ ಮೂತಿ ಹಾರಿಸುವವನತ್ತ ಹಾರಬಹುದು. ಆದ್ದರಿಂದ ಒಂದೇ ಕಾವಿಗೆ ಕೆಲಸ ಮುಗಿಸುವ ಆತುರ ಬೇಡ. ಒತ್ತಿದ ಮೇಲೆ ನೀರಿಗದ್ದದೆ ಗಾಳಿಯಲ್ಲೇ ತಣಿಯಬಿಟ್ಟು, ಕುದುರೆಯನ್ನು ಮರಳಿ ಚೌಕಕ್ಕೆ ಕೂರಿಸಿ, ಮಸಿ ಹಚ್ಚಿ ಗುರುತು ನೋಡಿ, ಬೇಕಾದರೆ ಮತ್ತೆ ಕಳಚಿ ಕಾಯಿಸಬೇಕು. ಅಡ್ಡ ಓರೆಯನ್ನು ಮೊದಲು ತಿದ್ದಿ, ಮುಂದು ಹಿಂದನ್ನು ಆಮೇಲೆ ತಿದ್ದುವುದು ಕ್ರಮ. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ಕತ್ತು ತಿರುಚಿಕೊಳ್ಳುತ್ತದೆ. ಮೂತಿಯ ಅಂಚು ಇನ್ನೂ ನಿಪ್ಪಲಿನ ಮಗ್ಗುಲನ್ನು ಸವರುತ್ತಿದ್ದರೆ ತಗ್ಗನ್ನು ಸ್ವಲ್ಪ ಅಗಲಿಸಬಹುದು, ಆದರೆ ಅಂಚನ್ನೇ ಕಡಿದುಹಾಕಬಾರದು. ಕೇಪಿನ ಚೂರುಗಳಿಗೆ ಅದೊಂದೇ ತಡೆ.

ಬೆಂಕಿ ಕಂಡ ಕುದುರೆಯ ಮೂತಿ ತನ್ನ ಗಡಸುತನವನ್ನು ಕಳೆದುಕೊಂಡಿರಬಹುದು. ಹಾಗೆಯೇ ಬಿಟ್ಟರೆ ಕೆಲವು ದಿನಗಳ ಬಳಕೆಯಲ್ಲೇ ತಗ್ಗಿನ ತಳದಲ್ಲಿ ನಿಪ್ಪಲಿನ ಅಚ್ಚು ಒತ್ತಿ ಗುಳಿಬೀಳುತ್ತದೆ. ಮೃದು ಉಕ್ಕಿನ ಹೊರಮೈಯನ್ನು ಮಾತ್ರ ಗಡುಸು ಮಾಡುವ ಪ್ರಾಚೀನ ವಿಧಾನವೆಂದರೆ ವಸ್ತುವನ್ನು ಮೂಳೆಯ ಮತ್ತು ಚರ್ಮದ ಇದ್ದಿಲಿನ ಪುಡಿಯೊಂದಿಗೆ ಕಬ್ಬಿಣದ ಡಬ್ಬಿಯಲ್ಲಿ ತುಂಬಿ, ಗಾಳಿಯಾಡದಂತೆ ಮಣ್ಣಿನಿಂದ ಮುಚ್ಚಿ, ಗಂಟೆಗಟ್ಟಲೆ ಕೆಂಪಗೆ ಕಾಯಿಸಿ ನೀರಿಗೆ ಸುರಿಯುವುದು. ಇದರಿಂದ ಇದ್ದಿಲಿನ ಅಂಶ ಲೋಹದ ಮೇಲ್ಪದರದೊಳಕ್ಕೆ ಇಳಿದು ಹೊರಗೆ ಗಡಸು, ಒಳಗೆ ಮೆದು ಎಂಬ ಎರಡು ಗುಣ ಒಂದೇ ತುಂಡಿನಲ್ಲಿ ಕೂಡುತ್ತವೆ. ಇಡೀ ಕುದುರೆಯನ್ನು ಒಳಗಿನವರೆಗೂ ಗಡುಸಾಗಿಸಿದರೆ ಅದು ಗಾಜಿನಂತೆ ಮುರಿಯುತ್ತದೆ.

ಮರುಜೋಡಣೆಯಾದ ಮೇಲೆ ಕಚ್ಚುಗಳನ್ನು ಪರೀಕ್ಷಿಸದೆ ಕೋವಿಯನ್ನು ಒಡೆಯನ ಕೈಗೆ ಕೊಡಬಾರದು. ಅರ್ಧ ಏರಿಸಿದ ಕುದುರೆ ಟ್ರಿಗರನ್ನು ಎಷ್ಟು ಬಲವಾಗಿ ಒತ್ತಿದರೂ ಬೀಳಕೂಡದು. ಪೂರ್ತಿ ಏರಿಸಿದ ಕುದುರೆ ಹಿಂದಿನಿಂದ ಹೆಬ್ಬೆರಳಿನಿಂದ ತಳ್ಳಿದರೆ ಜಾರಕೂಡದು. ಕುದುರೆ ಪೂರ್ತಿ ಕೆಳಗಿಳಿದಾಗ ನಿಪ್ಪಲಿನ ಮೇಲೆಯೇ ನಿಲ್ಲಬೇಕು. ಅದಕ್ಕೂ ಮುಂಚೆ ಒಳಗಿನ ಟಂಬ್ಲರ್ ಎಲ್ಲಿಯಾದರೂ ತಾಗಿ ತಡೆದರೆ ಪೆಟ್ಟಿನ ಬಲ ಕೇಪಿಗೆ ತಲಪುವುದಿಲ್ಲ. ಟ್ರಿಗರ್ ಹಗುರವಾಗಲೆಂದು ಕಚ್ಚುಗಳಿಗೆ ಅರ ತಾಗಿಸುವ ಅಭ್ಯಾಸವನ್ನು ಮಾತ್ರ ಕಠಿಣವಾಗಿ ನಿಷೇಧಿಸಬೇಕು. ಕೊನೆಗೆ ಮದ್ದಿಲ್ಲದ ನಳಿಗೆಯಲ್ಲಿ, ನಿರ್ಜನ ಬಯಲಿಗೆ ಮುಖಮಾಡಿ, ಕಣ್ಣಿಗೆ ಕನ್ನಡಕ ಧರಿಸಿ, ಕೇಪನ್ನು ಮಾತ್ರ ಹೊಡೆದು ನೋಡುತ್ತಾರೆ: ನಳಿಗೆಯ ಬಾಯಿಯೆದುರು ನೆಲದ ಮೇಲಿಟ್ಟ ಒಣಹುಲ್ಲಿನ ಎಸಳು ಅಲುಗಿದರೆ ಬೆಂಕಿಯ ದಾರಿ ತೆರೆದಿದೆ, ಬಿದ್ದ ಕೇಪಿನ ತಲೆ ಎಲ್ಲ ಕಡೆ ಸಮವಾಗಿ ಚಪ್ಪಟೆಯಾಗಿದ್ದರೆ ಕುದುರೆ ನೇರವಾಗಿ ಬಿದ್ದಿದೆ.

ಈ ಕೆಲಸವನ್ನು ಯಾರು ಮಾಡಬಹುದು ಎಂಬುದು ಕೈಚಳಕದ ಪ್ರಶ್ನೆಯಷ್ಟೇ ಅಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಕಾಯಿದೆಯನ್ನು ವಿರೋಧಿಸಿ ಹಲಗಲಿಯ ಬೇಡರು ಪ್ರಾಣ ತೆತ್ತದ್ದು ಕನ್ನಡಿಗರಿಗೆ ಗೊತ್ತಿರುವ ಕಥೆ. ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯಿದೆ 1959ರಲ್ಲಿ ರೂಪುಗೊಂಡು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅದರ 5ನೆಯ ಕಲಮಿನ ಪ್ರಕಾರ ಕೋವಿಗಳ ತಯಾರಿಕೆ, ಮಾರಾಟಗಳಂತೆಯೇ ದುರಸ್ತಿಯ ಕಸುಬಿಗೂ ಪರವಾನಗಿ ಬೇಕು. ಊರಿನ ಕಂಬಾರ ಎಷ್ಟೇ ನಿಪುಣನಾದರೂ ಅದಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಅದೇ ಕಾಯಿದೆಯ 13ನೆಯ ಕಲಮು ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಯನ್ನು ಕೇಳುವ ನಾಗರಿಕನಿಗೆ ಪರವಾನಗಿ ಕೊಡುವ ವಿಷಯವನ್ನು ಹೆಸರಿಸಿಯೇ ಹೇಳಿರುವುದರಿಂದ ಈ ಹಳೆಯ ಆಯುಧಕ್ಕೆ ರೈತನ ಬದುಕಿನಲ್ಲಿ ಕಾನೂನು ಮನ್ನಣೆಯಿದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಸಿಕ್ಕಿರುವ ವಿನಾಯಿತಿ ಬೀದರಿಗೆ ಅನ್ವಯಿಸದು.

ಮಾಂಜ್ರಾ ನದಿಯ ದಂಡೆಯ ಕಬ್ಬಿನೊಳಗೆ ಅಡಗುವ ಕಾಡುಹಂದಿ, ಬಯಲಿನ ತೊಗರಿ ಕಡಲೆಗಳಿಗೆ ನುಗ್ಗುವ ಕೃಷ್ಣಮೃಗಗಳ ಹಿಂಡು, ಈ ಎರಡರಿಂದಲೂ ಈ ಸೀಮೆಯ ಒಕ್ಕಲಿಗನಿಗೆ ನಷ್ಟವಾಗುತ್ತದೆ ಎಂಬುದು ನಿಜ. ಆದರೆ ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ, ಕಾಡುಹಂದಿಯೂ ಅದೇ ಕಾಯಿದೆಯ ರಕ್ಷಣೆಗೆ ಒಳಪಟ್ಟದ್ದು. ಕೋವಿಯ ಪರವಾನಗಿ ಕೊಲ್ಲುವ ಅನುಮತಿಯಲ್ಲ. ಗುಂಡಿಲ್ಲದೆ ಮದ್ದು ಮತ್ತು ಒತ್ತನ್ನಷ್ಟೇ ತುಂಬಿ ಸದ್ದಿನಿಂದ ಹಿಂಡನ್ನು ಅಟ್ಟುವುದೇ ಕೇಪಿನ ಕೋವಿಯ ತಕ್ಕ ಉಪಯೋಗ, ಅಂಥ ಬಳಕೆಯಲ್ಲೂ ಕುದುರೆ ಓರೆಯಾಗಿದ್ದರೆ ಕೇಪಿನ ಚೂರು ಕಣ್ಣಿಗೆ ಹಾರುವುದು ತಪ್ಪದು.

ದೇಶಮುಖರ, ದೇಶಪಾಂಡೆಯವರ ವಾಡೆಗಳ ಗೋಡೆಯಲ್ಲಿ ತಲೆಮಾರುಗಳಿಂದ ತೂಗುತ್ತಿರುವ ಹಳೆಯ ಬಂದೂಕುಗಳ ಮಾತೇ ಬೇರೆ. ನೂರು ವರ್ಷ ದಾಟಿದ ಕಲಾತ್ಮಕ ಅಥವಾ ಐತಿಹಾಸಿಕ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯಿದೆ ಪುರಾತನವೆಂದು ಪರಿಗಣಿಸುತ್ತದೆ. ಅಂಥ ಬಂದೂಕಿನ ಓರೆಯಾದ ಕುದುರೆ, ಸವೆದ ಚೌಕ, ಬಾಗಿದ ಡ್ರಮ್ ಇವೆಲ್ಲ ಅದು ನಡೆದುಬಂದ ದಾರಿಯ ದಾಖಲೆಗಳು. ಚಕಮಕಿಯಿಂದ ಕೇಪಿಗೆ ಯಾರೋ ಅನಾಮಿಕ ಕಂಬಾರ ಬದಲಿಸಿದ ಕುದುರೆಯನ್ನು ಕಾಯಿಸಿ ನೇರಮಾಡಿದರೆ ಅವನ ಕೈಕೆಲಸದ ಸಾಕ್ಷ್ಯವೂ ಸುಟ್ಟುಹೋಗುತ್ತದೆ. ಕಾನೂನಿನಲ್ಲೂ ಇಲ್ಲಿ ಒಂದು ಸೂಕ್ಷ್ಮವಿದೆ: ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮು ವಿನಾಯಿತಿ ಕೊಡುವುದು ದುರಸ್ತಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಗಳಿಗೆ ಮಾತ್ರ, ಕುದುರೆಯೊಂದನ್ನು ಸರಿಪಡಿಸಿದರೆ ಹಾರುವಂತಿರುವ ಬಂದೂಕು ಎಷ್ಟೇ ಹಳೆಯದಾದರೂ ಆ ವಿನಾಯಿತಿಯ ಹೊರಗೇ ಉಳಿಯುತ್ತದೆ. ಅಂಥದ್ದನ್ನು ಇಟ್ಟುಕೊಂಡ ಮನೆಯವರು ಮೊದಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅದರ ಸ್ಥಿತಿಯನ್ನು ಖಚಿತಪಡಿಸಿಕೊಂಡು, ಖಾಲಿಯೇ ಎಂದು ಬಲ್ಲವರಿಂದ ಅಳತೆ ಮಾಡಿಸಿ, ತುಕ್ಕು ಹಬ್ಬದಂತೆ ತೆಳುವಾಗಿ ಎಣ್ಣೆ ಸವರಿಸಿ, ಕಮಾನಿನ ಮೇಲೆ ಒತ್ತಡವಿರದಂತೆ ಕುದುರೆಯನ್ನು ಕೆಳಗಿಳಿಸಿ, ಅದು ಓರೆಯಾಗಿದ್ದರೆ ಓರೆಯಾಗಿಯೇ ಇರಗೊಡುವುದು ಯುಕ್ತ.